ಹೊಸ ಆವೃತ್ತಿಯಲ್ಲಿ ಕೇಳಿಸಿದ ಸದ್ದು

ಸೌಂಡ್ ರೂಮಿನ ಹಳೆಯ ಕಂಪ್ಯೂಟರು ಒಂದು ಭಾನುವಾರ ಬೆಳಿಗ್ಗೆ ಎಷ್ಟು ಒತ್ತಿದರೂ ಏಳಲಿಲ್ಲ. ಓಮನ್‌ನಲ್ಲಿ ಭಾನುವಾರವೆಂದರೆ ವಾರದ ಮೊದಲ ಕೆಲಸದ ದಿನ, ಹೊರಗೆ ಬೆಂಚು ತುಂಬಾ ಜನ. ಅಲ್ ಮವಾಲೇಹ್‌ನ ತರಕಾರಿ ಮಾರುಕಟ್ಟೆಯಿಂದ ಸ್ವಲ್ಪ ದೂರದ ಒಂದು ಪುಟ್ಟ ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ಆಡಿಯಾಲಜಿಸ್ಟ್, ಅಂದರೆ ಯಾರ ಕಿವಿಗೆ ಎಷ್ಟು ಕೇಳುತ್ತದೆ ಎಂದು ಅಳೆಯುವವಳು. ಆ ಕಂಪ್ಯೂಟರಿನ ಮೇಲೆ ನನ್ನ ಅರ್ಧ ಕೆಲಸ ನಿಂತಿತ್ತು.

ಅಳೆಯುವುದಕ್ಕೆ ಬೇರೆಯೇ ಯಂತ್ರವಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅದರಿಂದ ಸ್ಪೀಕರಿಗೆ ಸದ್ದು ಕಳಿಸುವ ಭಾಗ ಕೆಟ್ಟು ಬಹಳ ದಿನವಾಗಿತ್ತು. ಹೆಡ್‌ಫೋನಿನಲ್ಲಿ ಮಾತ್ರ ಕೆಲಸ ನಡೆಯುತ್ತಿತ್ತು. ಹಿಯರಿಂಗ್ ಏಡ್ ಹಾಕಿಕೊಂಡ ಮಗುವಿಗೆ ಅದರ ಮೇಲೆ ಹೆಡ್‌ಫೋನ್ ಹಾಕಿ ಪರೀಕ್ಷಿಸಲು ಬರುವುದಿಲ್ಲ. ಏಡ್ ಹಾಕಿದ ಮೇಲೆ ನಿಜವಾಗಿ ಎಷ್ಟು ಕೇಳುತ್ತಿದೆ ಎಂದು ತಿಳಿಯಲು ಸ್ಪೀಕರೇ ಬೇಕು. ತೈಲದ ಬೆಲೆ ನೆಲಕಚ್ಚಿದ ವರ್ಷಗಳು ಅವು. ಹೊಸ ಭಾಗ ತರಿಸಿಕೊಡಿ ಎಂದು ಕೇಳಿದಾಗಲೆಲ್ಲ ಮ್ಯಾನೇಜರು, "ಮುಂದಿನ ತಿಂಗಳು ನೋಡುವ ಮೇಡಂ" ಎನ್ನುತ್ತಿದ್ದರು. ಅವರ ಮುಂದಿನ ತಿಂಗಳು ಕ್ಯಾಲೆಂಡರಿನಲ್ಲಿ ಇಲ್ಲದ ತಿಂಗಳು.

ನನಗಿಂತ ಮುಂಚೆ ಆ ಕುರ್ಚಿಯಲ್ಲಿದ್ದವರು ಬೆಂಗಳೂರಿನ ಹಿರಿಯರೊಬ್ಬರು. ಸಂಗೀತದ ಹುಚ್ಚು ಹತ್ತಿದವರು. ಈ ತೊಂದರೆಗೆ ಅವರೇ ಒಂದು ದಾರಿ ಕಂಡುಕೊಂಡಿದ್ದರು. ಪ್ಯೂರ್ ಡೇಟಾ ಎಂದು ಸಂಗೀತಗಾರರು ಬಳಸುವ ಒಂದು ತಂತ್ರಾಂಶವಿದೆ. ಕಾಸು ಕೊಡದೆ ಇಳಿಸಿಕೊಳ್ಳಬಹುದು, ಬೇಕಾದವರು ಬಿಚ್ಚಿ ತಿದ್ದಬಹುದು. ಪರದೆಯ ಮೇಲೆ ಸಣ್ಣ ಸಣ್ಣ ಡಬ್ಬಿಗಳು. ಒಂದು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಅದನ್ನು ಮೆಲ್ಲಗೆ ಏರಿಸಿ ಇಳಿಸುತ್ತದೆ, ಮತ್ತೊಂದು ಸ್ಪೀಕರಿಗೆ ಸಾಗಿಸುತ್ತದೆ. ಡಬ್ಬಿಯಿಂದ ಡಬ್ಬಿಗೆ ಗೆರೆ ಎಳೆದು ಜೋಡಿಸಿದ್ದಕ್ಕೆ ಪ್ಯಾಚ್ ಎನ್ನುತ್ತಾರೆ. ಅವರು ಜೋಡಿಸಿಟ್ಟ ಪ್ಯಾಚ್, ಬೇಕಾದ ಸ್ವರವನ್ನು ಬೇಕಾದ ಮಟ್ಟದಲ್ಲಿ ಚಿಟಿಕೆ ಹೊಡೆದಷ್ಟು ಸುಲಭವಾಗಿ ನುಡಿಸುತ್ತಿತ್ತು. ಸಿಬ್ಬಂದಿ ಕಡಿತದ ಮೊದಲ ಸುತ್ತಿನಲ್ಲೇ ಅವರನ್ನು ಊರಿಗೆ ಕಳಿಸಿದರು, ಅವರ ಪ್ಯಾಚನ್ನು ಮಾತ್ರ ಇಟ್ಟುಕೊಂಡರು.

ಕಂಪ್ಯೂಟರು ಸತ್ತ ದಿನ ಐಟಿಯವನನ್ನು ಕರೆಸಿದೆ. ಅವನೂ ಬೆಂಗಳೂರಿನವನೇ, ಆ ಬೀದಿಯ ನಾಲ್ಕಾರು ಕ್ಲಿನಿಕ್ಕುಗಳನ್ನೂ ಒಂದು ಶಾಲೆಯನ್ನೂ ಒಬ್ಬನೇ ನೋಡಿಕೊಳ್ಳುತ್ತಿದ್ದ. ಡಿಸ್ಕಿನಿಂದ ಪ್ಯಾಚ್ ಉಳಿಸಿಕೊಟ್ಟ, ರಿಸೆಪ್ಶನ್ನಿನ ಕಂಪ್ಯೂಟರನ್ನು ಒಳಗೆ ತಂದಿಟ್ಟ. ತಂತ್ರಾಂಶ ಇಳಿಸಲು ಕೂತಾಗ ತಲೆ ಕೆರೆದುಕೊಂಡ.

"ಮೇಡಂ, ಹಳೇದ್ರಲ್ಲಿ ಇದ್ದಿದ್ದು ಎಕ್ಸ್‌ಟೆಂಡೆಡ್ ಅಂತ. ಅದನ್ನ ನೋಡ್ಕೊಳ್ತಿದ್ದೋರು ಕೈ ಬಿಟ್ಟು ಎಷ್ಟೋ ದಿನ ಆಗಿದೆ. ಈಗ ಎಲ್ರೂ ವೆನಿಲ್ಲಾ ಹಾಕ್ಕೊಳ್ತಿದಾರೆ."

"ಐಸ್‌ಕ್ರೀಮಿನ ಅಂಗಡಿಗೆ ಬಂದಿದ್ದೀವೇನಪ್ಪ ನಾವು?"

"ಅದು ಹಂಗೇ ಕರೆಯೋದು ಮೇಡಂ. ಏನೂ ಸೇರಿಸದೆ ಇರೋ ಬರೀ ಮೂಲ."

ಅವನು ವಿವರಿಸಿದ್ದು ನನಗೆ ಅರ್ಥವಾದ ಮಟ್ಟಿಗೆ ಹೀಗೆ. ತಂತ್ರಾಂಶದ ಮೂಲ ಒಂದೇ. ಆದರೆ ಲೋಕದ ನಾನಾ ಕಡೆಯ ಜನ ತಮತಮಗೆ ಬೇಕಾದ ಡಬ್ಬಿಗಳನ್ನು ಬರೆದು ಗಂಟು ಗಂಟಾಗಿ ಹಂಚಿದ್ದರು. ಎಕ್ಸ್‌ಟೆಂಡೆಡ್ ಎಂಬ ಪ್ರಭೇದ ಆ ಗಂಟುಗಳನ್ನೆಲ್ಲ ಮೂಲದ ಜೊತೆ ಒಟ್ಟಿಗೆ ಕಟ್ಟಿಕೊಡುತ್ತಿತ್ತು. ವೆನಿಲ್ಲಾದಲ್ಲಿ ಮೂಲದ ಡಬ್ಬಿಗಳು ಮಾತ್ರ. ಉಳಿದವನ್ನು ಬೇಕಾದವರು ತಾವೇ ಹುಡುಕಿ ಸೇರಿಸಿಕೊಳ್ಳಬೇಕು. ಹಳೆಯದನ್ನೇ ಹಾಕಿಬಿಡು ಎಂದೆ. ಹಾಕಿದ. ಈ ಕಂಪ್ಯೂಟರಿನ ಸೌಂಡ್ ಕಾರ್ಡ್ ಅದಕ್ಕೆ ಒಗ್ಗಲಿಲ್ಲ, ಸ್ವರ ತುಂಡು ತುಂಡಾಗಿ ಬಂತು. ತೆಗೆದು ವೆನಿಲ್ಲಾ ಹಾಕಿದ.

ಪ್ಯಾಚ್ ತೆರೆದಾಗ ಕೆಲವು ಡಬ್ಬಿಗಳ ಅಂಚು ಚುಕ್ಕಿ ಚುಕ್ಕಿಯಾಗಿ ಒಡೆದಿತ್ತು. ಈ ಡಬ್ಬಿ ನನಗೆ ಗೊತ್ತಿಲ್ಲ ಎಂದು ತಂತ್ರಾಂಶ ಹೇಳುವ ಬಗೆ ಅದು. ಪಕ್ಕದ ಕಿಟಕಿಯಲ್ಲಿ ಅವುಗಳ ಹೆಸರೂ ಬರುತ್ತಿತ್ತು. ಐಟಿಯವನು ಹೆಸರು ನೋಡಿ ಒಂದೊಂದೇ ಗಂಟು ಹುಡುಕಿ ಇಳಿಸಿದ. ಒಂದೊಂದಾಗಿ ಅಂಚುಗಳು ಕೂಡಿಕೊಂಡವು. ಕೊನೆಗೆ ಒಂದೂ ದೂರು ಉಳಿಯಲಿಲ್ಲ. ಸ್ವರ ಬಂತು. ಮಗು ಕೂರುವ ಕುರ್ಚಿಯ ಮೇಲೆ, ಅದರ ತಲೆಯ ಎತ್ತರಕ್ಕೆ ಸೌಂಡ್ ಲೆವೆಲ್ ಮೀಟರ್ ಹಿಡಿದು ಸ್ವರ ಸ್ವರಕ್ಕೂ ಅಳೆದೆ. ನಮ್ಮ ಕೆಲಸದಲ್ಲಿ ಈ ಮೀಟರಿನ ಮಾತೇ ಕೊನೆಯ ಮಾತು. ಮುಳ್ಳು ಹಳೆಯ ಜಾಗಕ್ಕೇ ಬಂದು ನಿಂತಿತು. ಮುಗಿಯಿತು ಎಂದುಕೊಂಡೆ.

ಆ ಶನಿವಾರ ನಿಜ್ವಾ ಪಟ್ಟಣದ ಮಗು ಬಂತು.

ನಿಜ್ವಾದಿಂದ ನಮ್ಮಲ್ಲಿಗೆ ಕಾರಿನಲ್ಲಿ ಒಳ್ಳೆಯ ದೂರ. ಅಪ್ಪ ಅಲ್ಲಿ ತೈಲದ ಬಾವಿ ಕೊರೆಯುವ ಕಾಂಟ್ರಾಕ್ಟರೊಬ್ಬರ ಸ್ಟೋರಿನಲ್ಲಿದ್ದರು. ಅಪ್ಪ ಅಮ್ಮ ಇಬ್ಬರೂ ಮಂಗಳೂರು ಕಡೆಯವರು, ಮನೆಯಲ್ಲಿ ತುಳು, ನನ್ನ ಜೊತೆ ಕನ್ನಡ. ಶನಿವಾರ ಬೆಳಿಗ್ಗೆ ನನ್ನಲ್ಲಿಗೆ ಬಂದು, ವಾರಕ್ಕೆ ಬೇಕಾದ ತರಕಾರಿ ಕಟ್ಟಿಸಿಕೊಂಡು ವಾಪಸು ಹೋಗುತ್ತಿದ್ದರು. ಮಗುವಿಗೆ ಐದು ತುಂಬುತ್ತಾ ಬಂದಿತ್ತು. ಏಡ್ ಹಾಕಿದರೆ ದಪ್ಪ ಸ್ವರಗಳು ಅಷ್ಟಿಷ್ಟು ಕೇಳುತ್ತಿದ್ದವು. ಸಣ್ಣ ಸ್ವರಗಳು, ಅಂದರೆ ಸ, ಶ, ತ, ಕ ಇಂಥ ಅಕ್ಷರಗಳು ಎದ್ದು ಬರುವ ಎತ್ತರದವು, ಏನು ಮಾಡಿದರೂ ಕೇಳುತ್ತಿರಲಿಲ್ಲ. ಹೀಗಿದ್ದರೆ ಮಾತು ಬರುವುದು ಕಷ್ಟ. ಕಿವಿಯೊಳಗೆ ತಂತಿ ಕೂರಿಸುವ ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆಯೊಂದೇ ದಾರಿ ಎಂದು ನಾನೇ ಹೇಳಿದ್ದೆ. ಊರಿನ ಆಸ್ಪತ್ರೆಯೊಂದರಲ್ಲಿ ಉಚಿತವಾಗಿ ಮಾಡಿಸುವ ಸರ್ಕಾರಿ ಯೋಜನೆಯೊಂದರ ಅಡಿಯಲ್ಲಿ ದಿನಾಂಕವೂ ಸಿಕ್ಕಿತ್ತು. ಆ ಯೋಜನೆಗೆ ವಯಸ್ಸಿನ ಮಿತಿಯಿತ್ತು, ಮಗು ಮಿತಿಯ ಅಂಚಿನಲ್ಲಿತ್ತು. ಸಾಲದ್ದಕ್ಕೆ ಅಪ್ಪನ ಕೈಗೆ ನೋಟಿಸು ಬಂದಿತ್ತು. ಕೆಲಸ, ವೀಸಾ, ವಿಮೆ ಮೂರೂ ಒಟ್ಟಿಗೆ ಮುಗಿಯಲಿದ್ದವು.

ಅಮ್ಮನಿಗೆ ಮಾತ್ರ ಶಸ್ತ್ರಚಿಕಿತ್ಸೆ ಎಂದರೆ ಭಯ. "ಕಿವಿಯ ಹಿಂದೆ ಎಲುಬು ಕೊರೆಯುವುದಂತಲ್ವಾ ಮೇಡಂ" ಎಂದು ಪ್ರತಿ ಸಲ ಕೇಳುತ್ತಿದ್ದರು. ಹೌದು ಎನ್ನುತ್ತಿದ್ದೆ. ಅವರು ಮಗುವಿನ ಕಿವಿಯ ಹಿಂಭಾಗವನ್ನು ಬೆರಳಿನಿಂದ ಸವರುತ್ತಿದ್ದರು.

ನಮ್ಮ ಪರೀಕ್ಷೆ ಒಂದು ಆಟ. ಮಗುವಿನ ಮುಂದೆ ಒಂದು ಗೂಟ, ಕೈಗೆ ಒಂದು ಬಣ್ಣದ ರಿಂಗು. ರಿಂಗನ್ನು ಕೆನ್ನೆಗೆ ಒತ್ತಿಕೊಂಡು ಕಾಯಬೇಕು. ಸದ್ದು ಕೇಳಿಸಿದ ಕೂಡಲೇ ಗೂಟಕ್ಕೆ ಹಾಕಬೇಕು. ಹಾಕಿದರೆ ನಾವೆಲ್ಲ ಚಪ್ಪಾಳೆ ತಟ್ಟುತ್ತೇವೆ. ಆವತ್ತು ದಪ್ಪ ಸ್ವರಗಳಿಗೆ ಎಂದಿನ ಹಾಗೆ ರಿಂಗು ಬಿತ್ತು. ಸಣ್ಣ ಸ್ವರಕ್ಕೆ ಬಂದೆ. ರಿಂಗು ಬಿತ್ತು. ಕಾಕತಾಳೀಯವಿರಬೇಕು ಎಂದು ಸ್ವಲ್ಪ ತಡೆದು ಮತ್ತೆ ಕೊಟ್ಟೆ. ಮತ್ತೆ ಬಿತ್ತು. ಇನ್ನೂ ಸಣ್ಣ ಸ್ವರ, ಅದಕ್ಕೂ ಬಿತ್ತು. ಎಂದೂ ತುಂಬದ ಗೂಟ ತುಂಬಿಹೋಯಿತು.

ಮೂಲೆಯ ಕುರ್ಚಿಯಲ್ಲಿದ್ದ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅಪ್ಪ ಎದ್ದು ನಿಂತೇಬಿಟ್ಟರು. "ಏಡ್‌ನಲ್ಲೇ ಕೇಳ್ಲಿಕ್ಕೆ ಶುರುವಾಯ್ತಲ್ವಾ ಮೇಡಂ? ಹಾಗಾದ್ರೆ ಆಪರೇಶನ್ ಬೇಡ ಅಲ್ವಾ?"

ನಾನು ತಕ್ಷಣ ಹೂಂ ಎನ್ನಲಿಲ್ಲ. ಒಂದು ವಿಷಯ ಚುಚ್ಚುತ್ತಿತ್ತು. ಮಗು ರಿಂಗು ಹಾಕಿದ್ದು ತುಸು ತಡವಾಗಿ. ಸ್ವರ ಶುರುವಾದಾಗಲ್ಲ, ನಿಂತ ಮೇಲೆ. ಆದರೆ ಮಕ್ಕಳು ಒಂದೊಂದು ದಿನ ಒಂದೊಂದು ಥರ. ಎರಡನೆಯ ಸುತ್ತಿನಲ್ಲೂ ಅದೇ ಫಲ ಬಂದಾಗ, ಏಡ್‌ನಲ್ಲಿ ಒಳ್ಳೆಯ ಪ್ರಗತಿ ಕಾಣುತ್ತಿದೆ ಎಂದು ಬರೆದುಕೊಟ್ಟೆ. ನನಗೂ ಖುಷಿಯಾಗಿತ್ತು, ಸುಳ್ಳು ಹೇಳಬಾರದು. ಎಷ್ಟೋ ತಿಂಗಳಿಂದ ಆ ಗೂಟ ಅರ್ಧಕ್ಕೇ ನಿಲ್ಲುವುದನ್ನು ನೋಡಿ ನೋಡಿ ನನಗೂ ಸಾಕಾಗಿತ್ತು.

ಸೋಮವಾರ ಒಬ್ಬ ಓಮನಿ ಹಿರಿಯರು ಹೊಸ ಏಡ್ ಹಾಕಿಸಿಕೊಂಡು ಬಂದರು. ಅವರಿಗೂ ಸಣ್ಣ ಸ್ವರಗಳೇ ಹೋಗಿದ್ದವು. ದೊಡ್ಡವರಿಗೆ ರಿಂಗಿನ ಆಟವಿಲ್ಲ, ಕೇಳಿದರೆ ಕೈ ಎತ್ತಬೇಕು ಅಷ್ಟೇ. ಸಣ್ಣ ಸ್ವರ ಕೊಟ್ಟೆ. ಕೈ ಎತ್ತಿದರು, ಸ್ವರ ನಿಂತ ಮೇಲೆ. ನನ್ನ ಅರ್ಧಂಬರ್ಧ ಅರಬ್ಬಿಯಲ್ಲಿ ಸದ್ದು ಹೇಗಿತ್ತು ಎಂದು ಕೇಳಿದೆ.

"ಮಾ ಫೀ ಸೌತ್" ಎಂದರು, ಸ್ವರವೇನೂ ಇಲ್ಲ. ಆಮೇಲೆ ಉಗುರಿನಿಂದ ಕುರ್ಚಿಯ ಕೈಗೆ ಒಮ್ಮೆ ಕುಟ್ಟಿ, "ಬಸ್, ಟಕ್" ಎಂದರು, ಬರೀ ಟಕ್ ಅಷ್ಟೇ.

ಶನಿವಾರ ಮಗು ರಿಂಗು ಹಾಕಿದ್ದೂ ಸ್ವರ ನಿಂತ ಮೇಲೆಯೇ.

ಅವರನ್ನು ಕಳಿಸಿ ಬಾಗಿಲು ಹಾಕಿಕೊಂಡು, ಸ್ಪೀಕರಿಗೆ ಕಿವಿ ಕೊಟ್ಟು ಕೂತೆ. ಕುಯ್ ಎನ್ನುವ ಸ್ವರ, ಅದರ ಕೊನೆಗೆ ಟಕ್. ನಮ್ಮಂಥ ನೆಟ್ಟಗಿರುವ ಕಿವಿಗೆ ಸ್ವರವೇ ದೊಡ್ಡದಾಗಿ ಕೇಳುವುದರಿಂದ ಆ ಟಕ್ ಅದರ ಬಾಲಕ್ಕೆ ಸೇರಿ ಮಾಯವಾಗುತ್ತದೆ. ಮೀಟರಿನ ಮುಳ್ಳು ನಿಧಾನವಾಗಿ ಸರಾಸರಿ ತೋರಿಸುವಂಥದು, ಕಣ್ಣು ಮಿಟುಕಿಸುವಷ್ಟು ಹೊತ್ತಿನ ಸದ್ದು ಅದಕ್ಕೆ ಸಿಗುವುದಿಲ್ಲ. ಯಾವುದೇ ಸ್ವರವನ್ನು ಕತ್ತರಿಯಲ್ಲಿ ಕತ್ತರಿಸಿದ ಹಾಗೆ ತಟ್ಟನೆ ನಿಲ್ಲಿಸಿದರೆ ಅಲ್ಲಿ ಟಕ್ ಹುಟ್ಟುತ್ತದೆ, ಅದರಲ್ಲಿ ದಪ್ಪ ಸ್ವರವೂ ಬೆರೆತಿರುತ್ತದೆ. ಮಗುವಿಗೆ ಕೇಳಿದ್ದು ಆ ದಪ್ಪ. ಸಣ್ಣ ಸ್ವರ ಅದರ ಪಾಲಿಗೆ ಮೊದಲಿನ ಹಾಗೆಯೇ ಇರಲಿಲ್ಲ.

ಪ್ಯಾಚ್ ಮಾಡಿದ ಹಿರಿಯರಿಗೆ ಬೆಂಗಳೂರಿಗೆ ಮೆಸೇಜು ಕಳಿಸಿದೆ. ಸರ್ಕಾರದ ನಿರ್ಬಂಧದಿಂದ ವಾಟ್ಸಾಪಿನಲ್ಲಿ ಮಾತಾಡುವುದು ಓಮನ್‌ನಲ್ಲಿ ಆಗುತ್ತಿರಲಿಲ್ಲ. ಬರೆಯಬೇಕು, ಇಲ್ಲವೇ ದನಿ ಮುದ್ರಿಸಿ ಕಳಿಸಬೇಕು. ಪ್ಯಾಚಿನ ಚಿತ್ರವನ್ನೂ ಆ ಟಕ್ ಸದ್ದನ್ನೂ ಕಳಿಸಿದೆ. ಸ್ವಲ್ಪ ಹೊತ್ತಿನಲ್ಲೇ ಅವರ ದನಿ ಬಂತು.

"ನೋಡಮ್ಮಾ, ಸ್ವರ ಏರಿಸಿ ಇಳಿಸೋ ಡಬ್ಬಿ ಇದೆಯಲ್ಲ, ಆ ಹೆಸರಿನವು ಎರಡಿವೆ. ಒಂದು ಮೂಲದ್ದು, ಇನ್ನೊಂದು ಹೊರಗಿನ ಗಂಟಿನದು. ನಾನು ಜೋಡಿಸಿದ್ದು ಹೊರಗಿನದನ್ನ. ಅದಕ್ಕೆ ಏರು, ನಿಲ್ಲು, ಇಳಿ ಅಂತ ಒಂದೇ ಸಾಲಿನಲ್ಲಿ ಹೇಳಬಹುದು. ಮೂಲದ್ದಕ್ಕೆ ಅಷ್ಟು ತಿಳಿಯಲ್ಲ. ಏರು ಅನ್ನೋದನ್ನ ಮಾತ್ರ ಕೇಳುತ್ತೆ, ಉಳಿದಿದ್ದನ್ನ ಬಿಟ್ಟುಬಿಡುತ್ತೆ. ಹೆಸರು ಇರೋದರಿಂದ ದೂರೂ ಹೇಳಲ್ಲ. ನನಗೆ ಇದು ಹೊಳೆಯಲೇ ಇಲ್ಲ ಕಣಮ್ಮಾ."

ಆಗ ಅರ್ಥವಾಯಿತು. ಅಂಚು ಒಡೆದ ಡಬ್ಬಿಗಳನ್ನೆಲ್ಲ ನಾವು ಕಣ್ಣಲ್ಲಿ ಕಣ್ಣಿಟ್ಟು ಸರಿ ಮಾಡಿದ್ದೆವು. ಕೆಟ್ಟಿದ್ದ ಡಬ್ಬಿಯ ಅಂಚು ಮಾತ್ರ ಒಡೆದೇ ಇರಲಿಲ್ಲ. ಅದು ಸ್ವರವನ್ನು ಮೆಲ್ಲಗೆ ಏರಿಸುತ್ತಿತ್ತು, ಇಳಿಸುತ್ತಿರಲಿಲ್ಲ. ಕೊನೆಯಲ್ಲಿ ಎಲ್ಲವನ್ನೂ ಆರಿಸುವ ಸ್ವಿಚ್ಚು ಬಂದು ತುಂಬು ಸ್ವರವನ್ನೇ ಕತ್ತರಿಸುತ್ತಿತ್ತು. ತಪ್ಪು ಯಾರದು ಎಂದು ಹುಡುಕಲು ಹೊರಟರೆ ಯಾರೂ ಸಿಗುತ್ತಿರಲಿಲ್ಲ, ಅದರಿಂದ ನನ್ನ ಸಿಟ್ಟು ಇನ್ನಷ್ಟು ಏರಿತು. ಬೈಯಲಾದರೂ ಒಬ್ಬರು ಬೇಕಲ್ಲ!

ಐಟಿಯವನು ಮರುದಿನ ಬಂದ. ಹೊರಗಿನ ಗಂಟನ್ನೂ ಇಳಿಸಿದ. ಆದರೆ ವೆನಿಲ್ಲಾ ತನ್ನಲ್ಲಿ ಆ ಹೆಸರಿನದು ಇರುವಾಗ ಹೊರಗಿನದನ್ನು ತಿರುಗಿಯೂ ನೋಡಲಿಲ್ಲ. ಹೋಲಿಸಿ ನೋಡೋಣ ಎಂದು ಎಕ್ಸ್‌ಟೆಂಡೆಡ್ಡನ್ನು ಪಕ್ಕದಲ್ಲೇ ಮತ್ತೆ ಹಾಕಿದ. ಅದು ಇನ್ನೂ ದೊಡ್ಡ ಫಜೀತಿಯಾಯಿತು. ಎರಡೂ ಪ್ರಭೇದಗಳು ಒಂದೇ ಕಡೆಯಿಂದ ತಮ್ಮ ಸೆಟ್ಟಿಂಗ್ಸ್ ಓದಿ, ಇದರ ಡಬ್ಬಿ ಅದಕ್ಕೆ, ಅದರ ಡಬ್ಬಿ ಇದಕ್ಕೆ ಸೇರಿ, ಅಲ್ಲಿಯವರೆಗೆ ಸರಿಯಿದ್ದ ಸ್ವರಗಳೂ ಅಡ್ಡಾದಿಡ್ಡಿಯಾದವು. ಇಬ್ಬರಿಗೂ ತಲೆ ಕೆಟ್ಟುಹೋಯಿತು. ಎರಡನ್ನೂ ಬೇರುಸಹಿತ ಕಿತ್ತು, ವೆನಿಲ್ಲಾ ಒಂದನ್ನೇ ಹೊಸದಾಗಿ ಹಾಕಿದೆವು.

ಕೊನೆಗೆ ದಾರಿ ತೋರಿಸಿದವರು ಬೆಂಗಳೂರಿನ ಹಿರಿಯರೇ. ಹಳೆಯ ಡಬ್ಬಿಯ ಆಸೆ ಬಿಡಿ, ಮೂಲದಲ್ಲೇ ಇನ್ನೊಂದು ಹೆಸರಿನ ಡಬ್ಬಿಯಿದೆ ಎಂದರು. ಅದಕ್ಕೆ ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿನಲ್ಲಿ ಹೋಗಬೇಕು, ಎಷ್ಟು ತಡೆದು ಹೊರಡಬೇಕು ಎಂದು ಮೂರು ಅಂಕಿ ಕೊಡಬೇಕು. ಏರುವುದಕ್ಕೊಂದು, ಇಳಿಯುವುದಕ್ಕೊಂದು ಎಂದು ಬಿಡಿಸಿ ಬರೆಯಬೇಕು. ಪ್ರತಿ ಸ್ವರದಲ್ಲೂ ಹಾಗೆ ಬರೆದೆವು. ಈ ಸಲ ಮೀಟರನ್ನು ನಂಬಲಿಲ್ಲ. ಸ್ವರವನ್ನು ಮುದ್ರಿಸಿಕೊಂಡು ಅದರ ಗೆರೆಯನ್ನು ಪರದೆಯ ಮೇಲೆ ಹಿಗ್ಗಿಸಿ ನೋಡಿದೆ. ಬಾಲ ಮೆಲ್ಲಗೆ ಸಣ್ಣಗಾಗುತ್ತಾ ಆರುತ್ತಿತ್ತು. ಟಕ್ ಇರಲಿಲ್ಲ.

"ಹಾಳಾಗಿರೋ ಪ್ಯಾಚ್ ಡಿಲೀಟ್ ಮಾಡ್ಲಾ ಮೇಡಂ?" ಎಂದ ಐಟಿಯವನು.

"ಬೇಡ, ಇರ್ಲಿ" ಎಂದೆ. ಯಾಕೆ ಎಂದು ಆಗ ನನಗೇ ಸ್ಪಷ್ಟವಿರಲಿಲ್ಲ.

ಮ್ಯಾನೇಜರಿಗೆ ವಿಷಯ ಹೇಳಲೇಬೇಕಿತ್ತು. ಅವರು ಉಡುಪಿ ಕಡೆಯವರು, ಕೆಟ್ಟವರಲ್ಲ. ಆದರೆ ಆ ವರ್ಷಗಳಲ್ಲಿ ಯಾರ ಕಣ್ಣಿಗೂ ಬೀಳದೆ ಇದ್ದುಬಿಡಬೇಕೆಂಬುದೇ ಅವರ ನಿತ್ಯದ ಪ್ರಾರ್ಥನೆಯಾಗಿತ್ತು.

"ನೀವು ಇಷ್ಟು ದೊಡ್ಡದು ಮಾಡುವುದು ಎಂತಕ್ಕೆ ಮೇಡಂ? ಶನಿವಾರ ಅವರನ್ನು ಪುನಃ ಬರ್ಲಿಕ್ಕೆ ಹೇಳಿ. ಸರಿಯಾದದ್ದರಲ್ಲಿ ಟೆಸ್ಟ್ ಮಾಡಿ. ಕಮ್ಮಿ ಬಂದ್ರೆ ಮಕ್ಕಳ ಮೂಡ್, ಆವತ್ತು ಹಾಗೆ ಇವತ್ತು ಹೀಗೆ ಅಂತ ಹೇಳಿ. ಖಲಾಸ್."

"ಅವರು ನನ್ನ ಮಾತು ನಂಬಿ ಆಪರೇಶನ್ ಬಿಟ್ಟುಬಿಟ್ಟರೆ?"

"ಹೇಗೂ ಊರಿಗೆ ಹೋಗುವವರು. ಅಲ್ಲಿ ಡಾಕ್ಟರುಗಳು ಇಲ್ವಾ?"

ಅವರು ಹೇಳಿದ್ದು ಸುಲಭದ ದಾರಿ, ಮೇಲ್ನೋಟಕ್ಕೆ ಸುಳ್ಳೂ ಅಲ್ಲ. ಮಕ್ಕಳ ಮೂಡ್ ಎಂಬುದನ್ನು ನಾವು ದಿನಾ ಹೇಳುತ್ತೇವೆ. ಆದರೆ ಒಮ್ಮೆ ಗೂಟ ತುಂಬಿದ್ದನ್ನು ಕಣ್ಣಾರೆ ಕಂಡ ಅಮ್ಮ, ಮುಂದಿನ ಸಲ ತುಂಬದಿದ್ದರೆ ಮಗುವಿಗೆ ಇವತ್ತು ಮನಸ್ಸಿಲ್ಲ ಎಂದೇ ನಂಬುತ್ತಾಳೆ. ಆವತ್ತು ಕೇಳಿತ್ತಲ್ಲ ಎನ್ನುತ್ತಾಳೆ. ಕಾಯೋಣ ಎನ್ನುತ್ತಾಳೆ. ಕಾಯುವುದಕ್ಕೆ ಆ ಮಗುವಿನ ಬಳಿ ವಯಸ್ಸು ಉಳಿದಿರಲಿಲ್ಲ. ಹಾಳಾದ ಪ್ಯಾಚನ್ನು ಯಾಕೆ ಉಳಿಸಿಕೊಂಡೆ ಎಂದು ಮ್ಯಾನೇಜರ ಮುಂದೆ ಕೂತಿದ್ದಾಗ ನನಗೆ ತಿಳಿಯಿತು. ಬಾಯಿಮಾತಿನಲ್ಲಿ ಹೇಳಿದರೆ ಸಾಲದು, ಅವರಿಗೆ ತೋರಿಸಬೇಕು.

ಹೊರಗೆ ಬಂದು ನಿಜ್ವಾಕ್ಕೆ ಫೋನ್ ಮಾಡಿದೆ. ಅಪ್ಪ ಎತ್ತಿದರು. ಮೊನ್ನೆಯ ಪರೀಕ್ಷೆಯಲ್ಲಿ ನಮ್ಮ ಕಡೆಯಿಂದ ದೋಷವಾಗಿದೆ, ಅದನ್ನು ನಂಬಿ ಯಾವ ತೀರ್ಮಾನವನ್ನೂ ಮಾಡಬೇಡಿ, ದಯವಿಟ್ಟು ಇಬ್ಬರೂ ಬನ್ನಿ ಎಂದೆ.

"ತೀರ್ಮಾನ ಮಾಡಿ ಆಯ್ತಲ್ಲ ಮೇಡಂ. ಸೋಮವಾರವೇ ಫೋನ್ ಮಾಡಿ ಆಪರೇಶನ್ ಬೇಡ ಅಂತ ಹೇಳಿ ಆಯ್ತು" ಎಂದರು.

ಆ ವಾರದ ಉಳಿದ ದಿನಗಳು ನನಗೆ ಊಟ ರುಚಿಸಲಿಲ್ಲ. ಮನೆಯವರು ಏನಾಯಿತು ಎಂದರೆ ಕಂಪ್ಯೂಟರು ಕೆಟ್ಟಿದೆ ಎನ್ನುತ್ತಿದ್ದೆ. ಕೆಟ್ಟದ್ದಂತೂ ನಿಜವೇ.

ಶನಿವಾರ ಅವರು ಎಂದಿಗಿಂತ ಬೇಗ ಬಂದರು. ಅಮ್ಮ ನನ್ನ ಮುಖ ನೋಡಲಿಲ್ಲ. ಮಗು ಮಾತ್ರ ಓಡಿಬಂದು ತನ್ನ ಕುರ್ಚಿ ಹತ್ತಿ, ತಾನೇ ಒಂದು ರಿಂಗು ಎತ್ತಿ ಕೆನ್ನೆಗೆ ಇಟ್ಟುಕೊಂಡು ಕಾದು ಕೂತಿತು. ಹೋದ ವಾರದ ಚಪ್ಪಾಳೆ ಅದಕ್ಕೆ ನೆನಪಿತ್ತು.

ಮೊದಲು ಸರಿಮಾಡಿದ ಪ್ಯಾಚ್. ದಪ್ಪ ಸ್ವರಗಳಿಗೆ ರಿಂಗು ಬಿತ್ತು, ಸ್ವರ ಶುರುವಾಗುತ್ತಿದ್ದ ಹಾಗೆಯೇ. ಸಣ್ಣ ಸ್ವರ ಕೊಟ್ಟೆ. ಮಗು ಕಾಯುತ್ತಿತ್ತು. ಸ್ವರ ಹೆಚ್ಚಿಸಿದೆ. ಕೋಣೆಯಲ್ಲಿದ್ದ ನಮಗೆ ಕಿವಿ ಮುಚ್ಚಿಕೊಳ್ಳುವಂತಾಯಿತು. ಮಗು ರಿಂಗನ್ನು ಕೆನ್ನೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಾ, ಯಾಕೆ ಆಟ ಶುರು ಮಾಡುತ್ತಿಲ್ಲ ಎನ್ನುವ ಹಾಗೆ ಕೂತೇ ಇತ್ತು.

"ಇವತ್ತು ಅವಳಿಗೆ ಮನಸ್ಸಿಲ್ಲ" ಎಂದರು ಅಮ್ಮ. "ಬೆಳಿಗ್ಗೆ ಬೇಗ ಎಬ್ಬಿಸಿದ್ದು. ತಿಂಡಿ ಸಹ ತಿನ್ಲಿಲ್ಲ."

ನಾನು ಹಳೆಯ, ಕೆಟ್ಟ ಪ್ಯಾಚ್ ತೆರೆದೆ. ಅದೇ ಸಣ್ಣ ಸ್ವರ. ಅದು ನಿಂತ ಕೂಡಲೇ ರಿಂಗು ಗೂಟಕ್ಕೆ ಬಿತ್ತು. ಅಮ್ಮನ ಮುಖ ಅರಳಿತು. ಆ ಮುಖವನ್ನು ನೋಡಿದ ಮೇಲೆ ಮುಂದಿನದನ್ನು ಮಾಡಲು ನನಗೆ ನಿಜಕ್ಕೂ ಕೈ ಬರಲಿಲ್ಲ. ಆದರೂ ಮಾಡಿದೆ.

"ಈಗ ಸ್ವರ ಕೊಡಲ್ಲ" ಎಂದೆ. "ಕೊನೆಯಲ್ಲಿ ಬರೋ ಆ ಸಣ್ಣ ಟಕ್ ಇದೆಯಲ್ಲ, ಅದನ್ನ ಮಾತ್ರ ಕತ್ತರಿಸಿಟ್ಟಿದ್ದೀನಿ. ನೀವಿಬ್ಬರೂ ಕಿವಿಗೊಟ್ಟು ಕೇಳಿ. ಇದರಲ್ಲಿ ಬೇರೆ ಏನೂ ಇಲ್ಲ."

ಟಕ್.

ಮಗು ರಿಂಗು ಹಾಕಿತು. ನಾವು ಯಾರೂ ಚಪ್ಪಾಳೆ ತಟ್ಟಲಿಲ್ಲ. ಇನ್ನೊಂದು ರಿಂಗು ಎತ್ತಿಕೊಂಡಿತು. ಟಕ್. ಅದನ್ನೂ ಹಾಕಿತು. ಟಕ್, ಟಕ್. ಗೂಟ ತುಂಬಿತು. ಮಗು ನಮ್ಮ ಮೂವರ ಮುಖವನ್ನೂ ನೋಡಿ, ತಟ್ಟುವವರು ಯಾರೂ ಇಲ್ಲವೆಂದು ಕಂಡು, ತಾನೇ ಚಪ್ಪಾಳೆ ತಟ್ಟಿಕೊಂಡಿತು.

ಅಪ್ಪ ನೆಲ ನೋಡುತ್ತಾ, "ಅಂದ್ರೆ ಆವತ್ತು ಕೇಳಿದ್ದು ಇದು ಮಾತ್ರ" ಎಂದರು.

"ಹೌದು. ಸ್ವರ ಅವಳಿಗೆ ಆವತ್ತೂ ಕೇಳಿರಲಿಲ್ಲ. ತಪ್ಪು ನಮ್ಮ ಕಡೆಯದು, ಮಗುವಿನದಲ್ಲ. ಏಡ್‌ನಿಂದ ಇದಕ್ಕಿಂತ ಹೆಚ್ಚು ಆಗಲ್ಲ."

ಅಮ್ಮ ಸಿಟ್ಟಾಗುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು. ಅವರು ಬಹಳ ಮೆಲ್ಲಗೆ, ನನಗಲ್ಲ ಎನ್ನುವ ಹಾಗೆ ಹೇಳಿದರು. "ಒಂದು ವಾರ ನಮ್ಮ ಮನೆಯಲ್ಲಿ ಅವಳಿಗೆ ಕೇಳ್ತಿತ್ತು ಮೇಡಂ. ನಾನು ಅಡುಗೆಮನೆಯಿಂದ ಕರೆಯುವುದು. ಅವಳು ಬರುವುದಿಲ್ಲ. ಆಟದ ಗುಂಗಿನಲ್ಲಿದ್ದಾಳೆ ಅಂತ ನಾನು ನಗುವುದು. ಒಂದು ದಿನ ಜೋರು ಸಹ ಮಾಡಿದೆ, ಕೇಳಿದ್ರೂ ಕೇಳದ ಹಾಗೆ ಮಾಡ್ತೀಯಾ ಅಂತ. ಪಾಪ, ಸುಮ್ಮನೆ ನನ್ನನ್ನು ನೋಡಿದಳು."

ನನಗೆ ಅಳು ಬಂತು. ರೋಗಿಗಳ ಮುಂದೆ ಅಳಬಾರದು ಎಂದು ಮೈಸೂರಿನಲ್ಲಿ ಓದುವಾಗ ಕಲಿಸಿದ್ದರು. ಆವತ್ತು ಆ ಪಾಠ ಕೆಲಸಕ್ಕೆ ಬರಲಿಲ್ಲ.

ಅಪ್ಪ ಕಾರಿಡಾರಿಗೆ ಹೋಗಿ ಊರಿನ ಆಸ್ಪತ್ರೆಗೆ ಫೋನ್ ಹಚ್ಚಿದರು. ಬಾಗಿಲು ಅರೆ ತೆರೆದಿತ್ತು, ಅವರ ಮಾತು ನಮಗೆ ಕೇಳುತ್ತಿತ್ತು. "ಹೌದು, ಬೇಡ ಅಂತ ಹೇಳಿದ್ದು ನಾವೇ. ಈಗ ಬೇಕು... ಇಲ್ಲ ಇಲ್ಲ, ಗೊತ್ತುಂಟು... ನೀವು ಒಂದು ಸಲ ಡಾಕ್ಟರಲ್ಲಿ ಕೇಳಿ ಮಾರ್ರೆ, ನಾನು ಲೈನಿನಲ್ಲೇ ಇರ್ತೇನೆ." ಆಮೇಲೆ ಫೋನನ್ನು ನನಗೇ ಕೊಟ್ಟರು. ಆ ಕಡೆಯ ಡಾಕ್ಟರಿಗೆ ನಾನು ನಡೆದದ್ದನ್ನೆಲ್ಲ ಹೇಳಿದೆ. ತಂತ್ರಾಂಶದ ಪ್ರಭೇದ, ಒಂದೇ ಹೆಸರಿನ ಎರಡು ಡಬ್ಬಿ, ಟಕ್. ಅವರು ಕೊನೆಯವರೆಗೂ ತಾಳ್ಮೆಯಿಂದ ಕೇಳಿದರು. ಹಳೆಯ ದಿನಾಂಕ ಬೇರೊಂದು ಮಗುವಿಗೆ ಹೋಗಿದೆ ಎಂದರು. ಮಗು ವಯಸ್ಸಿನ ಮಿತಿ ದಾಟುವುದರೊಳಗೆ ಬಂದು ಅಲ್ಲೇ ದಾಖಲಾದರೆ, ಯಾರಾದರೂ ತಪ್ಪಿಸಿಕೊಂಡ ದಿನ ಇದನ್ನು ತೆಗೆದುಕೊಳ್ಳಬಹುದು. ಖಾತ್ರಿಯಿಲ್ಲ, ಪ್ರಯತ್ನ ಮಾಡಬಹುದು ಎಂದರು.

ಅಪ್ಪ ಒಳಗೆ ಬಂದು ಹೆಂಡತಿಗೆ ತುಳುವಿನಲ್ಲಿ ಏನೋ ಹೇಳಿದರು. ಆಮೇಲೆ ನನಗೆ ಕನ್ನಡದಲ್ಲಿ. "ನನ್ನ ಲೆಕ್ಕ ಚುಕ್ತಾ ಆಗದೆ ನನಗೆ ಇಲ್ಲಿಂದ ಹೊರಡ್ಲಿಕ್ಕೆ ಆಗುವುದಿಲ್ಲ. ಇವರಿಬ್ಬರೇ ಹೋಗಬೇಕಾಗ್ತದೆ. ಇವಳು ಒಬ್ಬಳೇ ವಿಮಾನದಲ್ಲಿ ಹೋದವಳಲ್ಲ."

ಅಮ್ಮ ಮಗುವಿನ ಕಿವಿಯ ಹಿಂದಿನ ಜಾಗವನ್ನು ಎಂದಿನ ಹಾಗೆ ಬೆರಳಿನಿಂದ ಸವರಿದರು. "ಹೋಗ್ತೇನೆ" ಎಂದರು. "ಈ ವಾರವೇ ಟಿಕೆಟ್ ಮಾಡಿ."

ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲ ಹತ್ತಿರ ಹೋದವರು ಅಲ್ಲೇ ನಿಂತರು. ಮಗು ಇನ್ನೂ ನಮ್ಮ ಕಡೆ ಬೆನ್ನು ಮಾಡಿ ಗೂಟದಿಂದ ರಿಂಗುಗಳನ್ನು ತೆಗೆಯುತ್ತಾ ಕೂತಿತ್ತು.

"ಆ ಟಕ್ ಅನ್ನುವುದು ಅವಳಿಗೆ ನಿಜವಾಗಿ ಕೇಳ್ತದಲ್ವಾ ಮೇಡಂ? ಅದರಲ್ಲಿ ಮೋಸ ಇಲ್ಲ ಅಲ್ವಾ?"

"ಇಲ್ಲ. ಅದು ನಿಜವಾಗಿ ಕೇಳುತ್ತೆ."

ಅವರು ಮಗುವಿನ ಹೆಸರು ಕರೆಯಲಿಲ್ಲ. ಬೆರಳ ಗೆಣ್ಣಿನಿಂದ ಮರದ ಬಾಗಿಲಿಗೆ ಗಟ್ಟಿಯಾಗಿ ಒಮ್ಮೆ ಬಡಿದರು. ಮಗು ತಿರುಗಿ ನೋಡಿತು.